ತವರಿನಲ್ಲಿ ಹುಟ್ಟಿದ ಕೂಸು ಯಾರ ಮನೆಯದು?

ಜನ ಸುಳ್ಳು ಹೇಳುತ್ತಾರೆ, ಅದಕ್ಕೇ ಲೆಕ್ಕ ತಪ್ಪುತ್ತದೆ ಎಂದು ತಿಳಿದವರು ಬಹಳ ಮಂದಿ. ನಾನು ನೌಕರಿಯುದ್ದಕ್ಕೂ ಮನೆ ಮನೆ ತಿರುಗಿ ಪ್ರಶ್ನೆ ಕೇಳಿದವಳು. ಸುಳ್ಳು ಹೇಳಿದವರು ನನ್ನನ್ನು ಎಂದೂ ಬೆಚ್ಚಿಬೀಳಿಸಲಿಲ್ಲ. ಟಿಕೋಟಾದ ಕಡೆ ಒಬ್ಬ ಮನುಷ್ಯ ನಮ್ಮ ಮನೆಯಲ್ಲಿ ಸೈಕಲ್ಲೂ ಇಲ್ಲ ಎಂದು ಕೈಮುಗಿದು ಹೇಳುತ್ತಿದ್ದ. ಅಷ್ಟರಲ್ಲಿ ಹಿತ್ತಿಲಿನ ಜೋಳದ ಕಣಿಕೆಯ ಬಣವೆಯಿಂದ ಒಂದು ಕೋಳಿ ಹಾರಿತು, ತಾಡಪತ್ರಿ ಜಾರಿತು, ಹೊಸ ಮೋಟರ್‌ಸೈಕಲ್ಲಿನ ಕನ್ನಡಿ ಫಳ್ಳನೆ ಹೊಳೆಯಿತು. ಇಬ್ಬರೂ ನಕ್ಕೆವು, ಚಹಾ ಕುಡಿದೆವು, ಬರೆದುಕೊಂಡು ಬಂದೆ. ಸುಳ್ಳಿಗೆ ಇಂಥ ಕೋಳಿ ಎಲ್ಲೋ ಒಂದು ಇದ್ದೇ ಇರುತ್ತದೆ.

ನನ್ನ ಎದೆ ಧಸಕ್ಕೆನ್ನುವಂತೆ ಮಾಡಿದವರು ಖರೇ ಹೇಳಿದವರು. ಕೇಳಿದ್ದಕ್ಕೆ ಎಲ್ಲರೂ ಖರೇ ಹೇಳಿದರು, ಹೇಳಿದ್ದನ್ನೇ ನಾನು ಬರೆದೆ, ಕೂಡಿಸಿ ನೋಡಿದರೆ ಮೊತ್ತ ಮಾತ್ರ ಹಸಿ ಸುಳ್ಳು. ಈಗ ಈ ಕೆಲಸಕ್ಕೆ ಸೇರುತ್ತಿರುವ ಹುಡುಗ ಹುಡುಗಿಯರು ಬಿಸಿಲು, ನಾಯಿ, ಬಸ್ಸಿನ ಬಗ್ಗೆ ನನ್ನನ್ನು ಕೇಳುತ್ತಾರೆ. ಅವೆಲ್ಲ ರೂಢಿಯಾಗುತ್ತವೆ. ಇದು ಮಾತ್ರ ನನಗೆ ಕೊನೆತನಕ ರೂಢಿಯಾಗಲಿಲ್ಲ.

ನಮ್ಮ ಕೆಲಸ ಏನೆಂದು ಮೊದಲು ಹೇಳಬೇಕು. ಜಗತ್ತಿನ ದೇಶಗಳೆಲ್ಲ ಕೂಡಿ ಬಡತನ ಕಳೆಯಬೇಕು, ಹಸಿವು ಇರಬಾರದು, ಹುಟ್ಟಿದ ಮಕ್ಕಳು ಸಾಯಬಾರದು ಎಂದು ಗುರಿ ಇಟ್ಟುಕೊಂಡಿವೆ. ಸುಸ್ಥಿರ ಅಭಿವೃದ್ಧಿ ಗುರಿಗಳು ಎಂದು ಅವಕ್ಕೆ ಹೆಸರು. ಎಷ್ಟು ದೂರ ಬಂದೆವು ಎಂದು ವರ್ಷ ವರ್ಷ ಅಳೆಯುತ್ತಾರೆ. ದೊಡ್ಡ ದೊಡ್ಡ ಸಭೆಗಳಲ್ಲಿ ಆ ಅಂಕಿ ಗೋಡೆಯ ಮೇಲೆ ಬೆಳಗುತ್ತದೆ. ಅದು ಹುಟ್ಟುವುದು ಮಾತ್ರ ಬಬಲೇಶ್ವರದ ಯಾವುದೋ ಪಡಸಾಲೆಯಲ್ಲಿ, ಒಲೆಯ ಮೇಲೆ ಹಾಲು ಉಕ್ಕುತ್ತಿರುವಾಗ, ಒಬ್ಬ ಹೆಣ್ಣುಮಗಳು ಅವಸರದಲ್ಲಿ ಹೇಳಿದ ಹೌದು, ಇಲ್ಲಗಳಲ್ಲಿ. ನಾನು ಆ ಹೌದು, ಇಲ್ಲಗಳನ್ನು ಬರೆದುಕೊಳ್ಳುವವಳು. ಬಡ್ತಿಯ ಮಾತು ಬರೆಯುವುದಿಲ್ಲ. ತಡವಾಗಿ ಬಂತು, ಬಂದ ಮೇಲೂ ಅದೇ ಬಸ್ಸು, ಅದೇ ಬಿಸಿಲು.

ಕೆಲಸಕ್ಕೆ ಸೇರಿದ ಹೊಸತರಲ್ಲಿ ಬಬಲೇಶ್ವರದ ಆಚೆ ಒಂದು ಓಣಿಗೆ ಹೋಗಿದ್ದೆ. ಮನೆಯಲ್ಲಿ ಕುರ್ಚಿ ಇದೆಯೇ ಎನ್ನುವುದೂ ಒಂದು ಪ್ರಶ್ನೆ. ಮೊದಲನೇ ಮನೆಯಲ್ಲಿ ನೀಲಿ ಪ್ಲಾಸ್ಟಿಕ್ ಕುರ್ಚಿ ಹಾಕಿದರು, ಕುಳಿತೆ, ಇದೆ ಎಂದು ಬರೆದೆ. ಎರಡನೇ ಮನೆಯಲ್ಲೂ ನೀಲಿ ಕುರ್ಚಿ. ಊರು ಸುಧಾರಿಸಿದೆ ಎಂದು ಒಳಗೊಳಗೇ ಖುಷಿಪಟ್ಟೆ. ಮುಂದೊಂದು ಮನೆಯಲ್ಲಿ ಕೈಯಿಟ್ಟರೆ ಕುರ್ಚಿಯ ತೋಳಿಗೆ ಸುತಳಿ ಕಟ್ಟಿತ್ತು. ಆ ಸುತಳಿಯ ಗಂಟು ಹಿಂದಿನ ಮನೆಯಲ್ಲೂ ನನ್ನ ಮೊಣಕೈಗೆ ಚುಚ್ಚಿತ್ತು. ಇದು ಅದೇ ಅಲ್ಲವೇ ಎಂದು ಕೇಳಿದರೆ ಮನೆಯ ಯಜಮಾನನಿಗೆ ಎಳ್ಳಷ್ಟೂ ನಾಚಿಕೆಯಿಲ್ಲ.

"ಬಾಯಾರ, ನಿಮ್ಮನ್ನ ನೆಲದ ಮ್ಯಾಲೆ ಕುಂಡ್ರಸಾಕ ಆಕ್ಕೈತೇನ್ರಿ? ಓಣಿಗೆಲ್ಲ ಕೂಡಿ ಇದೊಂದ ಐತಿ. ನೀವು ಬರೂಕಿಂತ ಮೊದಲ ಹಿತ್ತಲದಾಗಿಂದ ಮುಂದ ಮುಂದ ದಾಟಸಾಕತ್ತೇವಿ."

ಅವರಲ್ಲಿ ಯಾರೂ ಸುಳ್ಳು ಹೇಳಿರಲಿಲ್ಲ. ನಾನು ಕೇಳಿದ ಹೊತ್ತಿಗೆ ಆ ಮನೆಯಲ್ಲಿ ಕುರ್ಚಿ ಇತ್ತು, ಅದರ ಮೇಲೆ ನಾನೇ ಕುಳಿತಿದ್ದೆ. ಬರೆದದ್ದನ್ನೆಲ್ಲ ಹೊಡೆದುಹಾಕಿ ಮತ್ತೆ ಮೊದಲಿನಿಂದ ಓಣಿ ಸುತ್ತಿದೆ.

ಆಗ ನಮ್ಮ ಮೇಲಿದ್ದವರು ಹಿರೇಮಠ ಸಾಹೇಬರು. ಸಿಟ್ಟು ಮೂಗಿನ ತುದಿಯಲ್ಲಿ, ನಗೆ ಅದರ ಹಿಂದೆಯೇ. ಕುರ್ಚಿಯ ಕಥೆ ಕೇಳಿ ಮೇಜು ಕುಟ್ಟಿ ನಕ್ಕರು. ನಕ್ಕು ಮುಗಿದ ಮೇಲೆ, ಐತೇನು ಅಂತ ಕೇಳಿ ಬಿಡಬ್ಯಾಡ, ಯಾರದು ಅಂತ ಕೇಳು ಎಂದರು. ನಮ್ಮಲ್ಲೊಬ್ಬ ಬಸ್‌ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಕುಳಿತು ಒಂದು ಊರನ್ನೇ ಮನಸ್ಸಿನಿಂದ ತುಂಬಿ ತಂದಿದ್ದ. ಸಾಹೇಬರು ಆ ಕಾಗದಗಳನ್ನು ಕಿಡಕಿಯಿಂದ ಹೊರಗೆ ಎಸೆದು, ಅವನನ್ನು ಮತ್ತೆ ಅದೇ ಬಸ್ಸಿಗೆ ಹತ್ತಿಸಿದರು. ಅವರ ಕಾಲದಲ್ಲಿ ಮನೆಯ ಹೆಣ್ಣುಮಕ್ಕಳನ್ನು ಒಬ್ಬೊಬ್ಬರನ್ನೇ ಒಳಗೆ ಕೂರಿಸಿಕೊಂಡು, ಎಷ್ಟು ಹೆತ್ತಿ, ಎಲ್ಲಿ ಹೆತ್ತಿ, ಎಷ್ಟು ಉಳಿದವು ಎಂದು ಸಾವಕಾಶವಾಗಿ ಕೇಳುವ ಪದ್ಧತಿ ಇತ್ತು. ಅರ್ಧ ದಿನಕ್ಕೆ ಎರಡು ಮನೆ ಆದರೆ ಹೆಚ್ಚು. ಕಣ್ಣೀರು ಬಂದರೆ ಪೆನ್ನು ಕೆಳಗಿಡಬೇಕು ಎನ್ನುವುದೂ ಅವರದೇ ಕಟ್ಟಳೆ.

ಅವರು ನಿವೃತ್ತರಾದರು. ನನ್ನ ನೌಕರಿಯ ಕಡೆಯ ವರ್ಷಗಳಲ್ಲಿ ಕೈಗೆ ಟ್ಯಾಬ್ ಬಂತು. ನಾನು ಟ್ಯಾಬಿನ ವೈರಿ ಅಲ್ಲ. ಹೊತ್ತು ತಿರುಗುವ ಭಾರ ಇಳಿಯಿತು, ಕೂಡಿಸುವ ಕೆಲಸ ತಪ್ಪಿತು. ಆದರೆ ಪ್ರಶ್ನೆಗಳು ಮೋಟಾದವು. ಎಷ್ಟು ಹೆತ್ತಿ, ಎಲ್ಲಿ ಹೆತ್ತಿ ಎಂಬುದು ಹೋಗಿ ಮನೆಯ ಹಿರಿಯರಿಗೆ ಒಂದೇ ಪ್ರಶ್ನೆ ಉಳಿಯಿತು: ಈಚಿನ ವರ್ಷಗಳಲ್ಲಿ ಈ ಮನೆಯಲ್ಲಿ ಮಗು ಸತ್ತಿದೆಯೇ? ಹೌದು ಎಂದರೆ ಮಾತ್ರ ಮುಂದಿನ ಪ್ರಶ್ನೆಗಳು ತೆರೆಯುತ್ತವೆ. ಸಂಜೆಗೆ ಊರೂರಿನ ಬಣ್ಣ ನಕ್ಷೆಯಲ್ಲಿ ಬರುತ್ತದೆ. ಗುರಿ ಮುಟ್ಟಿದ ಊರು ಹಸಿರು, ಹಿಂದೆ ಬಿದ್ದದ್ದು ಕೆಂಪು.

ಆ ವರ್ಷ ಘೋಣಸಗಿಯಲ್ಲಿ ಗಂಗವ್ವ ಎಂಬವರ ಮನೆಗೆ ಹೋದೆ. ದ್ರಾಕ್ಷಿ ಒಣಗಿಸಿ ಮಣೂಕ ಮಾಡುವ ಶೆಡ್ಡಿನ ಕೆಲಸ ಜೋರಾಗಿತ್ತು. ಗಂಡನಿಲ್ಲದ ಆಕೆಯೇ ಮನೆಗೆ ಹಿರಿಯಳು, ಮಾತಿನಲ್ಲಿ ಖಡಕ್. ಮಗನಿಗೆ ಮದುವೆಯಾಗಿದೆ, ಸೊಸೆ ಬಸುರಿ, ತವರಿಗೆ ಹೋಗಿದ್ದಾಳೆ ಎಂದಳು. ಮಗು ಸತ್ತಿದೆಯೇ ಎಂಬ ಪ್ರಶ್ನೆ ಕೇಳಿದೆ. ನಮ್ಮ ಮನೆಯಲ್ಲಿ ಅಂಥದ್ದೇನೂ ಆಗಿಲ್ಲ ಎಂದು ಹೇಳಿ, ಕೈ ತುಂಬ ಮಣೂಕ ಕೊಟ್ಟು ಕಳಿಸಿದಳು. ಇಲ್ಲ ಎಂದು ಒತ್ತಿದೆ. ಆ ಪುಟ ಹಸಿರಾಯಿತು.

ಕೆಲವು ವಾರಗಳ ಮೇಲೆ ಮಮದಾಪುರದ ಆಚೆಗಿನ ವಸ್ತಿಗಳ ಪಾಳಿ. ಕೆರೆ ದಾಟಿ ಹೊಲದ ನಡುವೆ ಅಲ್ಲೊಂದು ಇಲ್ಲೊಂದು ಮನೆ, ಕುರಿ ಹಟ್ಟಿ. ಮಳೆ ಬಿದ್ದರೆ ಎರೆಮಣ್ಣಿನ ಆ ದಾರಿಯಲ್ಲಿ ಕಾಲಿಟ್ಟರೆ ಚಪ್ಪಲಿ ಮರಳಿ ಬರುವುದಿಲ್ಲ. ಶಾಂತವ್ವ ಎಂಬಾಕೆಯ ಮನೆಯಲ್ಲಿ ಕುಳಿತೆ. ಗಂಡ ಕುರಿ ಹೊಡೆದುಕೊಂಡು ಹೋಗಿದ್ದ. ತುಂಬಿದ ಬಸುರಿ ಮಗಳು ಮಾದೇವಿ ಗೋಡೆಗೆ ಒರಗಿ ಕುಳಿತಿದ್ದಳು. ಅದೇ ಪ್ರಶ್ನೆಗೆ ಶಾಂತವ್ವನೂ ಇಲ್ಲ ಎಂದಳು, ನಾನೂ ಇಲ್ಲ ಎಂದು ಒತ್ತಿದೆ. ಟ್ಯಾಬು ಮುಚ್ಚಿ ನೀರು ಕುಡಿಯುವಾಗ, ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಾಳೇನು ಎಂದು ಸುಮ್ಮನೆ ಮಾತಿಗೆ ಕೇಳಿದೆ. ಮಾದೇವಿ ಎದ್ದು ಒಳಗೆ ಹೋದಳು. ಶಾಂತವ್ವ ದನಿ ತಗ್ಗಿಸಿದಳು.

"ಚೊಚ್ಚಲಲ್ರಿ. ಮೊದಲನೇದೂ ಇಲ್ಲೇ ಆಗಿತ್ತು, ಕೈಗೆ ಹತ್ತಲಿಲ್ಲ, ಹೋಗಿಬಿಡ್ತು. ಅದಕ್ಕ ಈ ಸರ್ತಿನೂ ನಾವ ಕರಕೊಂಡ ಬಂದೇವಿ."

ಲೋಟ ಕೆಳಗಿಟ್ಟೆ. ಈಗಷ್ಟೇ ಇಲ್ಲ ಎಂದಿರಲ್ಲ ಎಂದೆ. ಅವಳಿಗೆ ನನ್ನ ಪ್ರಶ್ನೆಯೇ ವಿಚಿತ್ರ ಕಂಡಿತು. ನೀವು ಈ ಮನೆಯ ಕೂಸು ಕೇಳಿದಿರಿ, ಅದು ಘೋಣಸಗಿಯ ಗಂಗವ್ವನ ಮನೆಯ ಕೂಸು, ಕೊಟ್ಟ ಮಗಳ ಮಕ್ಕಳು ನಮ್ಮವು ಹೇಗಾಗುತ್ತವೆ ಎಂದಳು.

ಘೋಣಸಗಿಯ ಗಂಗವ್ವ! ಆಕೆ ಕೊಟ್ಟ ಮಣೂಕ ಇನ್ನೂ ನನ್ನ ಚೀಲದಲ್ಲಿತ್ತು. ಅಲ್ಲೇ ನಿಂತು ಆಕೆಗೆ ಫೋನು ಹಚ್ಚಿದೆ. ಆಕೆಯೂ ತಡವರಿಸಲಿಲ್ಲ.

"ನಮ್ಮ ಮನಿ ತೊಟ್ಟಲಕ್ಕ ಬರ್ಲಾರದ ಕೂಸು ನಮ್ಮದು ಹ್ಯಾಂಗಾಗ್ತೈತ್ರಿ? ಹುಟ್ಟಿದ್ದೂ ಅಲ್ಲೇ, ಹೋಗಿದ್ದೂ ಅಲ್ಲೇ. ಹೆಸರಿಲ್ಲ, ಏನಿಲ್ಲ. ಸೆಟವಿ ತಾಯಿನ ಹಣ್ಯಾಗ ಬರದಿಲ್ಲ, ನೀವೇನ ಬರಕೋತೀರಿ?"

ಹುಟ್ಟಿದ ಐದನೇ ದಿನ ಸೆಟವಿ ತಾಯಿ ಬಂದು ಕೂಸಿನ ಹಣೆಬರಹ ಬರೆಯುತ್ತಾಳೆ ಎಂದು ನಮ್ಮ ಕಡೆ ಪೂಜೆ ಮಾಡುತ್ತಾರೆ. ಈ ಕೂಸು ಅಲ್ಲಿಯವರೆಗೆ ಉಳಿದಿರಲಿಲ್ಲ. ನಾನೂ ತವರಿನಲ್ಲಿ ಹುಟ್ಟಿದವಳು, ತವರಿಗೆ ಹೋಗಿ ಹೆತ್ತವಳು. ನಮ್ಮ ಸೀಮೆಯಲ್ಲಿ ಹೆಣ್ಣು ಹೆರುವುದೇ ತವರಿನಲ್ಲಿ. ಉಳಿದ ಕೂಸು ಗಂಡನ ಮನೆಯ ಲೆಕ್ಕಕ್ಕೆ ಹೋಗುತ್ತದೆ. ಉಳಿಯದ ಕೂಸು ಯಾವ ಮನೆಯ ಲೆಕ್ಕಕ್ಕೂ ಹೋಗುವುದಿಲ್ಲ. ನಾವು ಎರಡೂ ಮನೆಗೆ ಹೋಗಿ, ಎರಡೂ ಕಡೆ ಖರೇ ಉತ್ತರ ಬರೆದುಕೊಂಡು, ಎರಡೂ ಊರಿಗೆ ಹಸಿರು ಬಳಿದು ಬಂದಿದ್ದೆವು.

ಆ ದಿನ ಉಳಿದ ಮನೆಗಳಲ್ಲಿ ಟ್ಯಾಬು ತೆಗೆಯಲಿಲ್ಲ. ಮಕ್ಕಳು ಸತ್ತಿವೆಯೇ ಎಂದೂ ಕೇಳಲಿಲ್ಲ. ತವರಿಗೆ ಬಂದ ಹೆಣ್ಣುಮಕ್ಕಳ ಕೈಗೆ ಹತ್ತದ ಕೂಸು ಇದ್ದವೇನು ಎಂದು ಕೇಳಿದೆ. ಒಂದು ಮನೆಯಲ್ಲಿ ತಲೆ ತಗ್ಗಿಸಿದರು, ಇನ್ನೊಂದರಲ್ಲಿ ಅತ್ತರು. ಎಲ್ಲರ ಬಾಯಲ್ಲೂ ಕೊನೆಗೆ ಬಂದದ್ದು ಒಂದೇ ಮಾತು, ಸತ್ತು ಹುಟ್ಟಿತ್ರೀ.

ಇದಕ್ಕಿಂತ ದೊಡ್ಡ ಆಘಾತ ವಿಜಯಪುರದ ಕಚೇರಿಯಲ್ಲಿ ಕಾದಿತ್ತು. ಮಮದಾಪುರದಲ್ಲಿ ಬಸುರಿಯರನ್ನು ದವಾಖಾನೆಗೆ ಒಯ್ಯುವ ಒಂದು ಹೆರಿಗೆ ಗಾಡಿ ನಿಲ್ಲುತ್ತಿತ್ತು. ಜೊತೆಗೊಬ್ಬ ನರ್ಸ್. ವಸ್ತಿಗಳಿಗೆ ಅದು ಬಂದು ಬಹಳ ದಿನವಾಗಿರಲಿಲ್ಲ. ಮಾದೇವಿಯ ಮೊದಲ ಹೆರಿಗೆಯ ಕಾಲಕ್ಕೆ ಅದಿರಲಿಲ್ಲ. ಈಗ ಬಣ್ಣ ಹಸಿರಾಗಿದೆ, ಇಲ್ಲಿ ಮಕ್ಕಳು ಸಾಯುತ್ತಿಲ್ಲ, ಆದ್ದರಿಂದ ಗಾಡಿಯನ್ನು ಕೆಂಪು ಊರಿಗೆ ಕಳಿಸಬೇಕೆಂದು ಪಟ್ಟಿ ತಯಾರಾಗುತ್ತಿತ್ತು. ನಾನು ಇಲ್ಲ ಎಂದು ಒತ್ತಿದ್ದರ ಫಲ ಅದು. ಮಾದೇವಿಗೆ ದಿನ ತುಂಬುತ್ತಿತ್ತು, ಮೋಡ ಕಟ್ಟುತ್ತಿತ್ತು.

ಹೊಸ ಸಾಹೇಬ ದಕ್ಷಿಣದ ಕಡೆಯ ಹುಡುಗ, ಓದಿದವ, ಸಭ್ಯ. ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡ, ಮುಖ ಬಿಳಿಚಿಕೊಂಡಿತು. ಆದರೂ ಆಗುವುದಿಲ್ಲ ಎಂದು ತಲೆಯಾಡಿಸಿದ.

"ಮೇಡಂ, ಸತ್ತು ಹುಟ್ಟಿದ್ದು ಈ ಲೆಕ್ಕದಲ್ಲಿ ಬರೋದೇ ಇಲ್ಲ. ಹುಟ್ಟಿದ ಮೇಲೆ ಅತ್ತಿರಬೇಕು, ಇಲ್ಲ ಉಸಿರಾಡಿರಬೇಕು. ಅದನ್ನ ಹೆತ್ತ ತಾಯಿನೇ ಹೇಳಬೇಕು. ನಿಯಮ ನಾನು ಮಾಡಿದ್ದಲ್ಲ."

ನಿಯಮದಲ್ಲಿ ತಪ್ಪಿರಲಿಲ್ಲ, ಅದು ನನಗೂ ಗೊತ್ತಿತ್ತು. ಹೆತ್ತವರು ಯಾರನ್ನೂ ನಾನಿನ್ನೂ ಕೇಳಿಯೇ ಇರಲಿಲ್ಲ. ಎಲ್ಲ ಕಡೆ ಮಾತಾಡಿದವರು ಅವ್ವಂದಿರು, ಅತ್ತೆಯಂದಿರು. ಸಾಹೇಬ ಪಟ್ಟಿಯನ್ನು ಎರಡು ದಿನ ತಡೆದು ಹಿಡಿಯುತ್ತೇನೆ ಎಂದ. ಅಷ್ಟು ಮಾಡಿದ್ದಕ್ಕೆ ಅವನ ಉಪಕಾರ ಮರೆಯುವುದಿಲ್ಲ.

ಮರುದಿನ ಮೊದಲ ಬಸ್ಸಿಗೇ ಹೊರಟೆ. ಶಾಂತವ್ವ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಬಂದ ಕಾರಣ ಹೇಳಿದೆ. ಗಾಡಿ ಹೋಗುತ್ತದೆ ಎಂಬುದನ್ನೂ ಹೇಳಿದೆ. ಅವಳು ಮೊರ ಕೆಳಗಿಟ್ಟು ಬಾಗಿಲಿಗೆ ಅಡ್ಡವಾಗಿ ಕುಳಿತಳು. ಬಸುರಿಯ ಮುಂದೆ ಸತ್ತದ್ದರ ಮಾತು ಆಡಬಾರದು, ಹೊಟ್ಟೆಯಲ್ಲಿರುವುದು ಕೇಳಿಸಿಕೊಳ್ಳುತ್ತದೆ, ಬೇಕಾದರೆ ಗಾಡಿ ಹೋಗಲಿ, ಕಾಲಿಗೆ ಬೀಳುತ್ತೇನೆ ಹೋಗಿರಿ ಎಂದಳು. ಒಂದು ಬಣ್ಣ ಬದಲಿಸಲು ಒಬ್ಬ ತಾಯಿಯ ಹುಣ್ಣು ಕೆದಕಬೇಕೇ? ಟ್ಯಾಬನ್ನು ಚೀಲಕ್ಕೆ ಹಾಕಿದೆ. ಬರುತ್ತೇನೆ ಎಂದು ಎದ್ದು ನಿಂತೆ.

"ಬಾಯಾರ, ನನಗ ಕೇಳ್ರಿ."

ಮಾದೇವಿ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ಅವ್ವ ಗದರಿದಳು, ಒಳಗೆ ಹೋಗು ಎಂದಳು. ಅವಳು ಅಲುಗಲಿಲ್ಲ. ಗಾಡಿ ಖರೇನೇ ಹೋಗುತ್ತದೆಯೇ ಎಂದು ನನ್ನನ್ನು ಕೇಳಿದಳು. ಹೌದು ಎಂದೆ. ಹಾಗಾದರೆ ಕೇಳಿರಿ ಎಂದಳು.

ಟ್ಯಾಬನ್ನು ಮತ್ತೆ ಹೊರಗೆ ತೆಗೆದೆ. ನಿಯಮದಲ್ಲಿ ಬರೆದಿದ್ದಂತೆಯೇ ಕೇಳಿದೆ: ಹುಟ್ಟಿದ ಮೇಲೆ ಕೂಸು ಅತ್ತಿತ್ತೇನು, ಉಸಿರಾಡಿತ್ತೇನು, ಕೈಕಾಲು ಅಲುಗಿಸಿತ್ತೇನು?

"ಅತ್ತಿತ್ರೀ," ಎಂದಳು ಮಾದೇವಿ.

ಶಾಂತವ್ವ ಅವಳ ಕಡೆ ತಿರುಗಿದಳು. ಇಲ್ಲ ಮಗಳೇ, ಅದು ಅಳಲೇ ಇಲ್ಲ, ನಿನಗೆ ಆಗ ಎಚ್ಚರ ಎಲ್ಲಿತ್ತು ಎಂದಳು. ಮಗಳು ಅವ್ವನ ಮುಖ ನೋಡಿಯೇ ಹೇಳಿದಳು.

"ಅತ್ತಿತ್ತ ಯವ್ವಾ. ಸಣ್ಣಗ ಅತ್ತಿತ್ತ. ನನಗ ಕೇಳಿಲ್ಲಂತ ನೀ ತಿಳಕೊಂಡಿ. ನಿನಗ ತ್ರಾಸ ಆಗ್ತೈತಂತ ನಾನೂ ಸುಮ್ಮನಿದ್ನಿ."

ಶಾಂತವ್ವ ಸೆರಗನ್ನು ಬಾಯಿಗೆ ತುರುಕಿಕೊಂಡಳು. ಆಮೇಲೆ ತಡೆತಡೆದು ಹೇಳಿದಳು. ಕೂಸು ಹುಟ್ಟಿದಾಗ ಮಗಳಿಗೆ ಜ್ಞಾನ ತಪ್ಪಿದಂತಿತ್ತು. ಕೂಸನ್ನು ಬಟ್ಟೆಯಲ್ಲಿ ಸುತ್ತಿಕೊಂಡು ದವಾಖಾನೆಗೆಂದು ಟಂಟಂ ಹತ್ತಿದ್ದರು. ದಾರಿಯಲ್ಲಿ ಎರೆಯಲ್ಲಿ ಗಾಲಿ ಹೂತುಹೋಯಿತು. ಜನ ಕೂಡಿ ದಬ್ಬುತ್ತಿರುವಾಗ ಕೂಸು ಅವಳ ಮಡಿಲಲ್ಲೇ ತಣ್ಣಗಾಯಿತು. ಬದುಕಿತ್ತು ಎಂದರೆ ಮಗಳು ಜೀವಮಾನವಿಡೀ ಕೊರಗುತ್ತಾಳೆ, ಹುಟ್ಟುವಾಗಲೇ ಇರಲಿಲ್ಲ ಎಂದರೆ ಮರೆಯುತ್ತಾಳೆ ಎಂದು ಹಾಗೆ ಹೇಳಿದಳಂತೆ. ಆಮೇಲೆ ಎಲ್ಲರಿಗೂ ಅದನ್ನೇ ಹೇಳಬೇಕಾಯಿತು. ಒಂದೇ ಮನೆಯಲ್ಲಿ ಒಂದೇ ಸಂಕಟವನ್ನು ಅವ್ವ ಮಗಳು ಒಬ್ಬರಿಗೊಬ್ಬರು ಮುಚ್ಚಿಟ್ಟುಕೊಂಡು ಕುಳಿತಿದ್ದರು.

ಹೌದು ಎಂದು ಒತ್ತಿದ ಕೂಡಲೇ ಮುಂದಿನ ಪ್ರಶ್ನೆ ತೆರೆಯಿತು. ಓದಿ ಹೇಳಲೋ ಬೇಡವೋ ಎಂದು ತಡವರಿಸಿದೆ. ಮಾದೇವಿಯೇ ಏನದು ಎಂದು ಕೇಳಿದಳು. ಗಂಡೋ ಹೆಣ್ಣೋ ಎಂದು ಕೇಳುತ್ತಿದೆ ಎಂದೆ.

ನನಗೆ ಗೊತ್ತಿಲ್ಲ ಎಂದಳು. ಯಾರೂ ಹೇಳಿರಲಿಲ್ಲ, ಕೇಳುವ ಧೈರ್ಯ ಅವಳಿಗೂ ಆಗಿರಲಿಲ್ಲ. ಅವ್ವನ ಹತ್ತಿರ ಹೋಗಿ, ತುಂಬಿದ ಹೊಟ್ಟೆ ಹಿಡಿದುಕೊಂಡು ಮೆಲ್ಲಗೆ ನೆಲಕ್ಕೆ ಕುಳಿತಳು. ಹೇಳು ಯವ್ವಾ ಎಂದಳು.

"ಹೆಣ್ಣು," ಎಂದಳು ಶಾಂತವ್ವ.

ನಾನು ಬರೆದುಕೊಂಡೆ. ಅವರಿಬ್ಬರನ್ನೂ ಅಲ್ಲಿಯೇ ಬಿಟ್ಟು ಹೊರಗೆ ಬಂದೆ. ಬೇವಿನ ಗಿಡದ ಕೆಳಗೆ ನಿಂತು ನಾನೂ ಅತ್ತೆ, ಅದನ್ನು ಹೇಳಲು ನನಗೇನೂ ನಾಚಿಕೆಯಿಲ್ಲ. ಸುದ್ದಿ ಆಗಲೇ ಬೇಲಿ ದಾಟಿತ್ತು. ಮಗ್ಗಲು ಮನೆಯಿಂದ ಒಬ್ಬ ಹೆಣ್ಣುಮಗಳು ಬಂದು, ನನ್ನದೂ ಕೇಳ್ರಿ ಬಾಯಾರ ಎಂದಳು. ಅವಳ ಹಿಂದೆ ಇನ್ನೊಬ್ಬಳು. ಗಂಡನ ಮನೆಗಳಿಗೆ ಹೋಗಿದ್ದವರು ಫೋನಿನಲ್ಲಿ ಹೇಳಿದರು. ಸತ್ತು ಹುಟ್ಟಿದವು ಎಂದು ನಾನು ಕೇಳಿಬಂದಿದ್ದ ಕೂಸುಗಳಲ್ಲಿ ಅತ್ತವುಗಳೇ ಹೆಚ್ಚಿದ್ದವು.

ವಸ್ತಿಯ ಬಣ್ಣ ಕೆಂಪಾಯಿತು. ಊರಿನ ಹಿರಿಯರು ಕಚೇರಿಗೆ ಬಂದು, ನಮ್ಮ ಊರಿಗೆ ಕಪ್ಪು ಚುಕ್ಕೆ ಇಟ್ಟ ಹೆಣ್ಣುಮಗಳು ಯಾರು ಎಂದು ಕೂಗಾಡಿದರು. ನಾನೇ ಎಂದು ಎದ್ದು ನಿಂತೆ. ಚಹಾ ತರಿಸಿದ ಮೇಲೆ ಸ್ವಲ್ಪ ತಣ್ಣಗಾದರು. ಸಾಹೇಬ ಹಸಿರಿದ್ದದ್ದು ಕೆಂಪಾದ ಬಗ್ಗೆ ಮೇಲಿನವರಿಂದ ಬೈಸಿಕೊಂಡ, ಆದರೂ ಪಟ್ಟಿ ಹರಿದುಹಾಕಿದ. ಮುಂದಿನ ಸಲದಿಂದ ಎಲ್ಲಿ ಹೆತ್ತಿ ಎಂಬ ಪ್ರಶ್ನೆಯನ್ನು ನಮ್ಮ ಜಿಲ್ಲೆಯ ಮಟ್ಟಿಗಾದರೂ ಕೇಳಿಸಿದ. ಗಾಡಿ ಮಮದಾಪುರದಲ್ಲಿಯೇ ಉಳಿಯಿತು.

ಮಳೆ ಹಿಡಿದ ವಾರದಲ್ಲಿ ಮಾದೇವಿಗೆ ನೋವು ಬಂತು. ಅದೇ ಗಾಡಿ ಮೊದಲೇ ಬಂದು ಅವಳನ್ನು ವಿಜಯಪುರಕ್ಕೆ ಮುಟ್ಟಿಸಿತು. ಗಂಡು ಕೂಸು, ಸಣಕಲು, ಆದರೆ ಗಟ್ಟಿ. ಸುದ್ದಿ ತಿಳಿದು ನೋಡಲು ದವಾಖಾನೆಗೆ ಹೋದೆ. ಶಾಂತವ್ವ ಕಾಟಿನ ಕಾಲಕಡೆ ಕುಳಿತಿದ್ದಳು. ಘೋಣಸಗಿಯಿಂದ ಗಂಗವ್ವನೂ ಬಂದಿದ್ದಳು. ಅವಳನ್ನು ನೋಡಿ ನನಗೆ ಅಳುಕಾಯಿತು. ಫೋನಿನಲ್ಲಿ ಮಾತಾಡಿದ ಮೇಲೆ ನಾವು ಭೇಟಿಯಾಗಿದ್ದು ಅದೇ ಮೊದಲು. ಸೊಸೆ ಅತ್ತೆಗೆ ಏನು ಹೇಳಿದ್ದಾಳೋ, ಅತ್ತೆ ಅದನ್ನು ಹೇಗೆ ತೆಗೆದುಕೊಂಡಿದ್ದಾಳೋ. ಗಂಗವ್ವ ನನ್ನತ್ತ ಒಮ್ಮೆ ನೋಡಿ, ಕೂಸಿನ ಬಟ್ಟೆ ಮಡಚುತ್ತ ಕುಳಿತಳು.

ಮಗ್ಗಲು ಕಾಟಿನ ಬಾಣಂತಿಯ ಕಡೆಯವಳು ಕೂಸನ್ನು ಇಣುಕಿ ನೋಡಿ, ಚೊಚ್ಚಲೇನ್ರಿ ಎಂದು ಕೇಳಿದಳು. ಮಾದೇವಿ ಕಣ್ಣು ತಗ್ಗಿಸಿದಳು. ಶಾಂತವ್ವ ನನ್ನ ಮುಖ ನೋಡಿದಳು. ಗಂಗವ್ವ ಮಡಚುತ್ತಿದ್ದ ಬಟ್ಟೆಯನ್ನು ತೊಡೆಯ ಮೇಲಿಟ್ಟಳು.

"ಅಲ್ರಿ. ನಮ್ಮ ಮನ್ಯಾಗ ಇದು ಎರಡನೇದು. ಮೊದಲನೇದು ಹೆಣ್ಣಿತ್ತು."